ಪಾದದ ಮೂಳೆ ಸೋಂಕು: ಎಂಆರ್‌ಐ ವರದಿ ನೋಡಿ ಎಂ86 ಕೋಡ್ ಹಾಕಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ರೋಗಿಗೆ ಟೈಪ್ 2 ಸಕ್ಕರೆ ಕಾಯಿಲೆ, ಬಲ ಪಾದದಲ್ಲಿ ಹುಣ್ಣು. ನೋಟ್‌ನಲ್ಲಿ "ಪ್ರೋಬ್ ಮೂಳೆಗೆ ತಾಗುತ್ತದೆ, ಆಸ್ಟಿಯೋಮೈಲೈಟಿಸ್ ರೂಲ್ ಔಟ್ ಮಾಡಬೇಕು" ಎಂದಿದೆ; ಅಂದರೆ ಹುಣ್ಣಿನೊಳಗೆ ಹಾಕಿದ ಕಡ್ಡಿ ಮೂಳೆಗೆ ತಾಗಿದೆ, ಮೂಳೆ ಸೋಂಕು (ಆಸ್ಟಿಯೋಮೈಲೈಟಿಸ್) ಇದೆಯೋ ಇಲ್ಲವೋ ನೋಡಬೇಕು. ಎಂಆರ್‌ಐ ವರದಿ "ಆಸ್ಟಿಯೋಮೈಲೈಟಿಸ್‌ಗೆ ಹೊಂದುತ್ತದೆ" ಎನ್ನುತ್ತದೆ. ಚಿಕಿತ್ಸೆ ಕೊಟ್ಟ ವೈದ್ಯರು ಮುಂದೆ ಏನೂ ಬರೆದಿಲ್ಲ.

ಇಷ್ಟರ ಮೇಲೆ ಮೂಳೆ ಸೋಂಕಿನ ಕೋಡ್ ಆದ ಎಂ86 ಹಾಕಬೇಡಿ. ನಾನು ಅಮೆರಿಕದ ಐಸಿಡಿ-10-ಸಿಎಂ (ಕಾಯಿಲೆಗಳಿಗೆ ಕೋಡ್ ಕೊಡುವ ಪದ್ಧತಿ) ಚಾರ್ಟ್‌ಗಳನ್ನು ಆಡಿಟ್ ಮಾಡುತ್ತೇನೆ. ಈ ಥರದ ಚಾರ್ಟ್ ಪದೇಪದೇ ಕೈಗೆ ಬರುತ್ತದೆ. ಪ್ರೋಬ್‌ಗೆ ಏನು ಸಿಕ್ಕಿತು, ಸ್ಕ್ಯಾನ್‌ನಲ್ಲಿ ಏನು ಕಂಡಿತು, ವೈದ್ಯರು ಏನು ತೀರ್ಮಾನಿಸಿದರು, ಈ ಮೂರೂ ಬೇರೆ ಬೇರೆ. ಕೋಡ್ ಹುಟ್ಟುವುದು ಮೂರನೆಯದರಿಂದ ಮಾತ್ರ.

ವೈದ್ಯರು ತೀರ್ಮಾನ ಬರೆಯಲು ಯಾಕೆ ಹಿಂಜರಿಯುತ್ತಾರೆ ಎಂದು ಗೊತ್ತಿದ್ದರೆ ಕ್ವೆರಿ (ವೈದ್ಯರಿಗೆ ಕಳಿಸುವ ಲಿಖಿತ ಪ್ರಶ್ನೆ) ಬರೆಯುವುದು ಸುಲಭ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು 2–3 ವಾರ ಬೇಕು. ಅಷ್ಟರೊಳಗೆ ತೆಗೆದ ಎಕ್ಸ್‌ರೇ ಚೆನ್ನಾಗಿದ್ದರೆ ಸೋಂಕಿಲ್ಲ ಎನ್ನಲಾಗದು. ಮೊಂಡ ತುದಿಯ ಲೋಹದ ಕಡ್ಡಿ ಹುಣ್ಣಿನೊಳಗೆ ಗಟ್ಟಿ ಮೂಳೆಗೆ ತಾಗಿದರೆ ಅನುಮಾನ ಬಲವಾಗುತ್ತದೆ. ಉರಿಯೂತ ತೋರಿಸುವ ರಕ್ತ ಪರೀಕ್ಷೆ ಇಎಸ್‌ಆರ್ 70 ದಾಟಿದ್ದರೆ ಇನ್ನೂ ಜಾಸ್ತಿ. ಎಂಆರ್‌ಐ ಇವೆಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ ನಿಜ, ಆದರೆ ಶಾರ್ಕೋ ಪಾದದಲ್ಲೂ (ನರ ಹಾಳಾಗಿ ಮೂಳೆ-ಕೀಲು ಕುಸಿಯುವ ಸ್ಥಿತಿ) ಮೂಳೆಯೊಳಗೆ ನೀರು ತುಂಬಿದಂತೆ ಕಾಣುತ್ತದೆ. ಅನುಮಾನ ಪೂರ್ತಿ ತೀರಬೇಕಾದರೆ ಮೂಳೆಯ ಚೂರು ತೆಗೆದು ಕಲ್ಚರ್‌ಗೂ ಪೆಥಾಲಜಿಗೂ ಕಳಿಸಬೇಕು. ಹುಣ್ಣಿನ ಮೇಲ್ಮೈ ಸ್ವಾಬ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾವೇ ಮೂಳೆಯಲ್ಲೂ ಇದೆ ಎಂದು ನಂಬುವಂತಿಲ್ಲ.

ಇನ್ನು ರೋಗಿ ಅಡ್ಮಿಟ್ ಆಗಿದ್ದರಾ ಇಲ್ಲವಾ ಎಂಬುದು ತುಂಬಾ ಮುಖ್ಯ. ಇನ್‌ಪೇಷಂಟ್ ಆಗಿದ್ದು, ಡಿಸ್ಚಾರ್ಜ್ ಹೊತ್ತಿಗೆ ವೈದ್ಯರೇ "ಸಂಭವನೀಯ" ಅಥವಾ "ಹೊಂದುತ್ತದೆ" ಎಂದು ಬರೆದಿದ್ದರೆ, ಕಾಯಿಲೆ ಇದೆ ಎಂದೇ ಕೋಡ್ ಮಾಡಬಹುದು. ಔಟ್‌ಪೇಷಂಟ್‌ನಲ್ಲಿ ಅದೇ ಮಾತುಗಳಿಗೆ ಎಂ86 ಸಿಗುವುದಿಲ್ಲ. ಅಲ್ಲಿ ಖಚಿತವಾಗಿ ಗೊತ್ತಿರುವ ಹುಣ್ಣನ್ನಷ್ಟೇ ಕೋಡ್ ಮಾಡಿ. ಇನ್‌ಪೇಷಂಟ್‌ನಲ್ಲೂ ರೇಡಿಯಾಲಜಿಸ್ಟ್ ವರದಿಯೊಂದೇ ಸಾಲದು.

ಹಾಗಾಗಿ ಕ್ವೆರಿ ಕಳಿಸಿ. "ಇದು ಆಸ್ಟಿಯೋಮೈಲೈಟಿಸ್ ಅಲ್ವಾ?" ಎಂದು ಕೇಳಿದರೆ ಉತ್ತರವನ್ನು ನೀವೇ ಬಾಯಿಗೆ ತುರುಕಿದಂತಾಗುತ್ತದೆ. ಪ್ರೋಬ್, ಇಎಸ್‌ಆರ್, ಎಂಆರ್‌ಐ, ಕೊಟ್ಟ ಆಂಟಿಬಯೋಟಿಕ್ ಎಲ್ಲವನ್ನೂ ಮುಂದಿಡಿ. ತೀವ್ರ (ಅಕ್ಯೂಟ್), ದೀರ್ಘಕಾಲಿಕ (ಕ್ರಾನಿಕ್), ಸೋಂಕಿಲ್ಲ, ಬೇರೇನೋ, ಹೇಳಲಾಗದು ಎಂಬ ಆಯ್ಕೆಗಳನ್ನು ಕೊಡಿ. ಯಾವ ಮೂಳೆ, ಯಾವ ಕಡೆ, ಸಕ್ಕರೆ ಕಾಯಿಲೆಯಿಂದ ಆಗಿದ್ದಾ ಎಂದೂ ಕೇಳಿ.

ವೈದ್ಯರು "ಸಕ್ಕರೆ ಕಾಯಿಲೆಯಿಂದಾದ ಬಲ ಪಾದದ ತೀವ್ರ ಆಸ್ಟಿಯೋಮೈಲೈಟಿಸ್" ಎಂದು ಬರೆದರೆ ಇ11.69 (ಟೈಪ್ 2 ಸಕ್ಕರೆ ಕಾಯಿಲೆಯ ಇತರ ತೊಡಕು) ಜೊತೆ ಎಂ86.171. ದೀರ್ಘಕಾಲಿಕವಾದರೆ ಎಂ86.671, ಕೀವು ಸುರಿಯುವ ಸೈನಸ್ (ಮೂಳೆಯಿಂದ ಚರ್ಮಕ್ಕೆ ತೆರೆದ ದಾರಿ) ಇದ್ದರೆ ಎಂ86.471. ಹುಣ್ಣಿಗೆ ಇ11.621, ಅದರ ಹಿಂದೆ ಎಲ್97.51- (ಹಿಮ್ಮಡಿ, ನಡುಪಾದ ಬಿಟ್ಟು ಬಲ ಪಾದದ ಇತರ ಭಾಗದ ಹುಣ್ಣು; ಕೊನೆಯ ಅಂಕಿ ಆಳಕ್ಕೆ). ರೋಗಾಣು ಯಾವುದೆಂದು ದಾಖಲಾಗಿದ್ದರೆ ಅದಕ್ಕೂ ಒಂದು ಕೋಡ್; ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್ ಬ್ಯಾಕ್ಟೀರಿಯಾ ಎಂಆರ್‌ಎಸ್‌ಎ ಆದರೆ ಬಿ95.62. ಎಂ86.9 ಹಾಕಿದರೆ ಯಾವ ಕಾಲು, ಎಷ್ಟು ಹಳೆಯದು ಎಂಬ ವಿವರವೇ ಹೋಗುತ್ತದೆ. ಅದು ಸೋಮಾರಿಗಳ ಕೋಡ್ ಎಂಬುದು ನನ್ನ ಅಭಿಪ್ರಾಯ.

ಎಲ್97ರ ಕೊನೆಯ ಅಂಕಿಯಲ್ಲಿ ಬಹಳ ಜನ ಎಡವುತ್ತಾರೆ. 4 ಎಂದರೆ ಮೂಳೆ ಸತ್ತಿದೆ. 6 ಎಂದರೆ ಹುಣ್ಣು ಮೂಳೆಯವರೆಗೆ ಹೋಗಿದೆ, ಆದರೆ ಮೂಳೆ ಸತ್ತಿರುವ ಲಕ್ಷಣವಿಲ್ಲ. ಪ್ರೋಬ್ ತಾಗಿತು ಎಂದು ಸುಮ್ನೆ 4 ಹಾಕುವುದು ತಪ್ಪು. ಹುಣ್ಣಿನ ಆಳವನ್ನು ನರ್ಸ್ ನೋಟ್‌ನಿಂದ ತೆಗೆದುಕೊಳ್ಳಬಹುದು, ಆದರೆ ಹುಣ್ಣು ಎಂಬ ಡಯಾಗ್ನೋಸಿಸ್ ಮಾತ್ರ ವೈದ್ಯರದ್ದೇ ಆಗಿರಬೇಕು.

ಬೆರಳು ಕತ್ತರಿಸಿ ತೆಗೆದಿದ್ದರೆ ಪೆಥಾಲಜಿ ವರದಿ ಬರುವವರೆಗೆ ಕಾಯಿರಿ. ಉಳಿದ ಮೂಳೆಯ ಅಂಚು ಶುದ್ಧವಾಗಿದ್ದು, ಸೋಂಕು ಪೂರ್ತಿ ಹೋಗಿದೆ ಎಂದು ವೈದ್ಯರು ಬರೆದಿದ್ದರೆ, ಮುಂದಿನ ಭೇಟಿಗಳಲ್ಲಿ ಹಳೆಯ ಎಂ86 ಅನ್ನು ಎಳೆದುಕೊಂಡು ಬರಬೇಡಿ. ಬಲಗಾಲಿನ ಹೆಬ್ಬೆರಳು ಹೋಗಿದ್ದರೆ ಝಡ್89.411, ಬೇರೆ ಬೆರಳಾದರೆ ಝಡ್89.421.