ಸುಕ್ಕೋತ್ ಹಬ್ಬಕ್ಕೆ ಹೋಳಿಗೆ ಒಯ್ಯಲಾ?

ಪ್ರಶ್ನೆ: ಮಗಳು ಪುಣೆಯಲ್ಲಿದ್ದಾಳೆ. ಅವಳ ಪಕ್ಕದ ಮನೆಯವರು ಬೆನೆ ಇಸ್ರೇಲಿ ಯಹೂದಿಗಳು. ಸುಕ್ಕೋತ್ ಅಂತ ಸುಗ್ಗಿ ಹಬ್ಬ ಇದೆ, ಸಿನಗಾಗ್‌ಗೆ (ಅವರ ಪ್ರಾರ್ಥನಾ ಮಂದಿರ) ಬನ್ನಿ ಎಂದು ನಮ್ಮನ್ನೂ ಕರೆದಿದ್ದಾರೆ. ಬರಿಗೈಲಿ ಹೋಗೋದು ಸರಿಯಲ್ಲ ಅಲ್ವಾ? ಶೇಂಗಾ ಹೋಳಿಗೆ ಒಯ್ಯಲಾ?
- ಒಬ್ಬ ಗೃಹಿಣಿ, ಕಲಬುರಗಿ

ಉತ್ತರ: ಖಂಡಿತ ಹೋಗಿ ಅಕ್ಕಾ. ಅತಿಥಿಗಳನ್ನು ಹಬ್ಬಕ್ಕೆಂದೇ ಕಟ್ಟಿದ ಚಪ್ಪರಕ್ಕೆ ಕರೆದು ಉಣಿಸುವುದು ಈ ಹಬ್ಬದ ಪದ್ಧತಿಯೇ, ಬಾಯಿಮಾತಿಗೆ ಕರೆದದ್ದಲ್ಲ.

ಆದರೆ ಹೋಳಿಗೆ ಬೇಡ. ಅವರಲ್ಲಿ ಕೋಷರ್ ಎಂಬ ಊಟದ ಕಟ್ಟುಪಾಡಿದೆ, ಮಾಂಸ ಮತ್ತು ಹಾಲಿನ ಪದಾರ್ಥ ಕೂಡಿಸುವುದಿಲ್ಲ, ಹೊರಗಿನ ಅಡುಗೆ ಸಿನಗಾಗ್ ಒಳಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ನೀವು ಎಷ್ಟೇ ಮಡಿಯಿಂದ ಮಾಡಿದರೂ ತಿನ್ನಲಾಗದೆ ಅವರಿಗೇ ಮುಜುಗರ. ಕತ್ತರಿಸದ ಹಣ್ಣು ಒಯ್ಯಿರಿ. ಆಗ ಸೀತಾಫಲದ ಕಾಲವೇ.

ಎಳ್ಳಮಾಸಿಗೆ ಹೊಲದಲ್ಲಿ ನಾವು ಜೋಳದ ದಂಟಿನ ಕೊಂಪಿ ಕಟ್ಟುತ್ತೇವಲ್ಲ, ಅಲ್ಲಿನ ಚಪ್ಪರ ನೋಡಿದಾಗ ನಿಮಗೆ ಅದೇ ನೆನಪಾಗುತ್ತದೆ. ಅದರ ಹೆಸರು ಸುಕ್ಕಾ. ಈಜಿಪ್ಟಿನಿಂದ ಬಿಡುಗಡೆಯಾದ ಹಿರಿಯರು 40 ವರ್ಷ ಮರುಭೂಮಿಯಲ್ಲಿ ಅಲೆದ ನೆನಪಿಗೆ, ಬೆಳೆ ಮನೆ ಸೇರಿದ ಸಂತೋಷಕ್ಕೆ ಏಳು ದಿನ ಅದರಲ್ಲಿ ಕೂತು ಊಟ ಮಾಡುತ್ತಾರೆ. ಮಾಡಿಗೆ ತಗಡು, ಪ್ಲಾಸ್ಟಿಕ್ ನಡೆಯಲ್ಲ, ಕಡಿದು ತಂದ ಗರಿ, ಟೊಂಗೆಗಳೇ ಆಗಬೇಕು. ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ರಾತ್ರಿ ಸಂದಿಯಲ್ಲಿ ಚುಕ್ಕಿಯೂ ಕಾಣಬೇಕು. ಮಳೆ ಬಂದು ಊಟ ಕೆಡುವಂತಾದರೆ ಒಳಗೆ ಹೋಗಬಹುದು, ತಪ್ಪಿಲ್ಲ.

ಹಬ್ಬ ಶುರುವಾಗುವುದು ಹುಣ್ಣಿಮೆಗೆ. ನಮ್ಮ ಅಧಿಕ ಮಾಸದ ಹಾಗೆ ಅವರೂ 19 ವರ್ಷದಲ್ಲಿ ಏಳು ಸಲ ತಿಂಗಳು ಸೇರಿಸುವುದರಿಂದ 2024, 2025ರಲ್ಲಿ ಸೀಗಿ ಹುಣ್ಣಿಮೆ ಹೊತ್ತಿಗೇ ಬಂದಿತ್ತು.

ಪೂಜೆಯಲ್ಲಿ ಬಲಗೈಯಲ್ಲಿ ಖರ್ಜೂರದ ಒಂದು ಗರಿ, ಜೊತೆಗೆ ಎರಡು ಜಾತಿಯ ಎಲೆಕಡ್ಡಿ, ಎಡಗೈಯಲ್ಲಿ ಮಾದಳ ಹಣ್ಣು ಹಿಡಿದು ನಾಲ್ಕೂ ದಿಕ್ಕಿಗೆ, ಮೇಲಕ್ಕೆ, ಕೆಳಕ್ಕೆ ಅಲ್ಲಾಡಿಸುತ್ತಾರೆ. ಆ ಹಣ್ಣನ್ನು ಕೇಳದೆ ಮುಟ್ಟಬೇಡಿ. ಅದರ ತುದಿಯ ಪುಟ್ಟ ಮೊಗ್ಗಿನಂಥ ಭಾಗ ಮುರಿದರೆ ಹಣ್ಣು ಪೂಜೆಗೆ ಬರದೇ ಹೋಗಬಹುದು, ಅದಕ್ಕೇ ಮೆತ್ತಗೆ ಸುತ್ತಿ ಇಟ್ಟಿರುತ್ತಾರೆ.

ಪುಣೆಯ ಕ್ಯಾಂಪ್ ಪ್ರದೇಶದಲ್ಲಿರುವ ಓಹೆಲ್ ಡೇವಿಡ್ ಸಿನಗಾಗ್‌ಗೆ ಕರೆದಿದ್ದರೆ ಕಣ್ತುಂಬ ನೋಡಿ ಬನ್ನಿ. 1867ರ ಕೆಂಪು ಇಟ್ಟಿಗೆ ಕಟ್ಟಡ, ಜನ ಲಾಲ್ ದೇವಳ್ ಅಂತಾರೆ. ಯಜಮಾನರಿಗೆ ಒಂದು ಟೋಪಿ ಇರಲಿ. ಗುರುತಿನ ಚೀಟಿ ಕೇಳಬಹುದು, ಎಲ್ಲರದ್ದೂ ಇಟ್ಟುಕೊಳ್ಳಿ. ಮೊದಲ ಎರಡು ದಿನ ಕಟ್ಟುನಿಟ್ಟಿನವರು ಫೋನ್ ಮುಟ್ಟುವುದಿಲ್ಲ, ನೀವೂ ಫೋಟೊ ತೆಗೆಯಬೇಡಿ. ನಡುವಿನ ದಿನಗಳಲ್ಲಿ ಬರಬಹುದಾ ಅಂತ ಮಗಳ ಕೈಲಿ ಕೇಳಿಸಿ, ಆಮೇಲೆ ರೈಲು ಟಿಕೆಟ್ ಮಾಡಿಸಿ.