ಕಳ್ಳತನ ತಡೆಯಲು ರಾತ್ರಿ ತಪಾಸಣೆ ಬಿಗಿಗೊಳಿಸಬೇಕೇ, ಜನಸಂಪರ್ಕ ಸಭೆ ನಡೆಸಬೇಕೇ?

ಹೊಸದಾಗಿ ಠಾಣೆಯ ಹೊಣೆ ಹೊತ್ತಿದ್ದೇನೆ, ಕಳ್ಳತನ ಹೆಚ್ಚುತ್ತಿದೆ, ತಪಾಸಣೆ ಬಿಗಿಗೊಳಿಸಲೇ, ಜನಸಂಪರ್ಕ ಸಭೆ ನಡೆಸಲೇ, ಸಿಬ್ಬಂದಿಗೆ ಮೈಮೇಲೆ ಧರಿಸುವ ಕ್ಯಾಮೆರಾ ಕೊಡಿಸಲೇ ಎಂದು ನೀವು ಕೇಳಿದ್ದೀರಿ. ಠಾಣಾಧಿಕಾರಿಯ ಕುರ್ಚಿಯಲ್ಲಿ ಮೊದಲ ಬಾರಿಗೆ ಕುಳಿತಾಗ ನಾನೂ ಹೀಗೆಯೇ ಲೆಕ್ಕ ಹಾಕಿ, ಮೊದಲನೆಯ ದಾರಿಯನ್ನು ಆರಿಸಿಕೊಂಡೆ.

ಆಗ ದುಡಿಯುವ ಜನರ ಬಾಡಿಗೆ ಕೋಣೆಗಳಿದ್ದ ಬಡಾವಣೆಯೊಂದರಲ್ಲಿ ದ್ವಿಚಕ್ರ ವಾಹನಗಳ ಕಳವು ಮಿತಿಮೀರಿತ್ತು. ಪ್ರತಿ ಗಸ್ತು ತಂಡವೂ ರಾತ್ರಿಗೆ ಕನಿಷ್ಠ 20 ಜನರನ್ನು ನಿಲ್ಲಿಸಿ, ಹೆಸರು, ವಿಳಾಸ ಬರೆದುಕೊಂಡು ಬರಬೇಕೆಂದು ರೋಲ್ ಕಾಲ್‌ನಲ್ಲಿ ಆದೇಶಿಸಿದೆ. ಒಂದೇ ತಿಂಗಳಲ್ಲಿ ಪುಸ್ತಕ ತುಂಬಿತು, ಅಪರಾಧ ಪರಿಶೀಲನಾ ಸಭೆಯಲ್ಲಿ ಮೇಲಧಿಕಾರಿಗಳು ಮೆಚ್ಚಿದರು. ಆದರೆ ಕಳವು ಕಡಿಮೆಯಾಗಲಿಲ್ಲ. ಸಂಖ್ಯೆಯ ಗುರಿ ಕೊಟ್ಟಾಗ ಸಿಬ್ಬಂದಿ ಅನುಮಾನ ಬಂದವರನ್ನಲ್ಲ, ಸುಲಭವಾಗಿ ಸಿಗುವವರನ್ನು ನಿಲ್ಲಿಸುತ್ತಾರೆ. ರಾತ್ರಿ ಪಾಳಿ ಮುಗಿಸಿ, ದಿನವೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ನಡೆದು ಬರುವ ಕಾರ್ಮಿಕನಿಗಿಂತ ಸುಲಭವಾಗಿ ಸಿಗುವವನು ಬೇರೆ ಯಾರಿದ್ದಾರೆ?

ಅಂಥ ಒಬ್ಬ ಯುವಕನನ್ನು ಒಂದೇ ವಾರದಲ್ಲಿ ಮೂರು ಬಾರಿ ನಿಲ್ಲಿಸಲಾಯಿತು. ಮೂರನೆಯ ಬಾರಿ ಆತ ಏಕೆಂದು ಕೇಳಿದಾಗ ನಮ್ಮ ಪೇದೆಯೊಬ್ಬ ಆತನ ಕೆನ್ನೆಗೆ ಹೊಡೆದ. ಮರುದಿನ ಬೆಳಿಗ್ಗೆ ಆತ ಎರಡು ಪುಟಗಳ ದೂರು ಅರ್ಜಿಯನ್ನು ಕೈಯಲ್ಲೇ ಬರೆದುಕೊಂಡು ನನ್ನ ಕೋಣೆಗೆ ಬಂದ.

ಆ ಅರ್ಜಿಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ಮಾಡುವಾಗ ಅದು ತಪ್ಪಿನಂತೆ ಕಾಣುವುದೇ ಇಲ್ಲ, ದಿನನಿತ್ಯದ ಕಡತ ವಿಲೇವಾರಿಯಂತೆ ಕಾಣುತ್ತದೆ. ಅರ್ಜಿಯನ್ನು ತೆಗೆದುಕೊಂಡು ವಿಚಾರಿಸುತ್ತೇನೆ ಎಂದೆ, ಮೊದಲ ಪುಟವನ್ನು ಮಾತ್ರ ಓದಿದೆ. ಬಳಿಕ ಅದನ್ನು ವರದಿಗಾಗಿ ಮುಖ್ಯಪೇದೆಗೆ ಒಪ್ಪಿಸಿದೆ. ಆ ರಾತ್ರಿ ಅದೇ ಗಸ್ತು ತಂಡದ ಮುಖ್ಯಸ್ಥನಾಗಿದ್ದವನು ಆತನೇ. ಆತ ಹೊಡೆದವನನ್ನು ಕೇಳಿದ, ಜೊತೆಯಲ್ಲಿದ್ದವನನ್ನು ಕೇಳಿದ, ಅರ್ಜಿದಾರನನ್ನು ಕೇಳಲಿಲ್ಲ. ಅರ್ಜಿದಾರನು ಉದ್ಧಟತನದಿಂದ ವರ್ತಿಸಿದ್ದು ನಿಜ, ಹಲ್ಲೆ ನಡೆದಿಲ್ಲ ಎಂದು ವರದಿ ಬಂತು. ನಾನು ಅದರ ಕೆಳಗೆ ಆರೋಪದಲ್ಲಿ ಸತ್ಯಾಂಶ ಕಂಡುಬಂದಿಲ್ಲ, ಅರ್ಜಿಯನ್ನು ಮುಕ್ತಾಯಗೊಳಿಸಿದೆ ಎಂದು ಷರಾ ಬರೆದು ಸಹಿ ಹಾಕಿದೆ. ಅಂಗಡಿಯೊಂದರ ಕ್ಯಾಮೆರಾ ಆ ತಿರುವಿನ ಕಡೆಗೇ ಮುಖ ಮಾಡಿದೆ ಎಂದು ಎರಡನೆಯ ಪುಟದಲ್ಲಿ ಆ ಯುವಕ ಬರೆದಿದ್ದ. ನಾನು ಆ ಪುಟವನ್ನು ಓದುವ ಹೊತ್ತಿಗೆ ಹಳೆಯ ದೃಶ್ಯಗಳ ಮೇಲೆ ಹೊಸವು ದಾಖಲಾಗಿ ಎಲ್ಲವೂ ಅಳಿಸಿಹೋಗಿತ್ತು.

ಹಾಗೇಕೆ ಮಾಡಿದೆನೆಂದು ಎಷ್ಟೋ ಬಾರಿ ನನ್ನನ್ನೇ ಕೇಳಿಕೊಂಡಿದ್ದೇನೆ. ಹೊಡೆದ ಪೇದೆ ಎರಡು ದಿನ ಮೊದಲಷ್ಟೇ ಕಳ್ಳನೊಬ್ಬನನ್ನು ಬೆನ್ನಟ್ಟಿ ಹಿಡಿದಿದ್ದ, ಆತನಿಗೆ ಬಹುಮಾನ ಕೊಡಬೇಕೆಂದು ಶಿಫಾರಸು ಬರೆದವನೂ ನಾನೇ. ಈಗ ಆತನ ಮೇಲೆ ವಿಚಾರಣೆ ನಡೆಸಿದರೆ ಸಿಬ್ಬಂದಿಯ ಮನೋಬಲ ಕುಸಿಯುತ್ತದೆ, ನಾಳೆ ಯಾರೂ ಮನಸ್ಸಿಟ್ಟು ಗಸ್ತು ತಿರುಗುವುದಿಲ್ಲ ಎಂದು ಹೆದರಿದೆ. ಠಾಣೆಯ ಹಿತ ಕಾಯುತ್ತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿದ್ದೆ. ಹೊಡೆತಕ್ಕೆ ಪೇದೆ ಹೊಣೆ, ಆದರೆ ಆ ಹೊಡೆತ ನಡೆಯಲೇ ಇಲ್ಲವೆಂದು ಸರ್ಕಾರಿ ಕಾಗದದ ಮೇಲೆ ಬರೆದದ್ದಕ್ಕೆ ನಾನು ಹೊಣೆ. ಇವೆರಡರಲ್ಲಿ ಎರಡನೆಯದೇ ದೊಡ್ಡದೆಂದು ನಾನು ಇಂದಿಗೂ ನಂಬುತ್ತೇನೆ.

ಏಳು ತಿಂಗಳ ನಂತರ ಅದೇ ಓಣಿಯಲ್ಲಿ ದರೋಡೆಕೋರರು ವೃದ್ಧರೊಬ್ಬರ ತೋಳಿಗೆ ಚಾಕುವಿನಿಂದ ಇರಿದರು. ಅವರ ಕೂಗಿಗೆ ಕಿಟಕಿಗಳು ತೆರೆದವು, ಹಲವರು ಕಂಡರು. ಆದರೆ ನಾವು ಹೋಗಿ ಕೇಳಿದಾಗ ಎಲ್ಲರೂ ನಿದ್ರೆಯಲ್ಲಿದ್ದೆವು ಎಂದರು. ಆ ಯುವಕನ ಮನೆಗೆ ನಾನೇ ಹೋದೆ. ಆತ ಬಾಗಿಲಲ್ಲೇ ನಿಂತು, "ನನ್ನ ಮಾತಿನಲ್ಲಿ ಸತ್ಯಾಂಶ ಇಲ್ಲ ಎಂದು ನೀವೇ ಬರೆದುಕೊಟ್ಟಿದ್ದೀರಲ್ಲ ಸರ್, ಈಗ ನಾನು ಹೇಳಿದರೆ ನಂಬುವವರು ಯಾರು?" ಎಂದ. ನನ್ನ ಹಿಂಬರಹದ ಪ್ರತಿಯನ್ನು ಆತ ಜೋಪಾನವಾಗಿ ಇಟ್ಟುಕೊಂಡಿದ್ದ. ಅದು ಆ ಓಣಿಯ ಮನೆಮನೆಗೂ ಗೊತ್ತಿತ್ತು. ಸಾಕ್ಷಿಗಳಿಲ್ಲದೆ ಆರೋಪಿಗಳು ಬಿಡುಗಡೆಯಾದರು. ವೃದ್ಧರ ಬಲಗೈ ಮೊದಲಿನಂತಾಗಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ತಪಾಸಣೆಯೋ ಸಭೆಯೋ ಎಂಬುದು ಎರಡನೆಯ ಪ್ರಶ್ನೆ. ನಿಮ್ಮ ಸಿಬ್ಬಂದಿಯ ವಿರುದ್ಧ ದೂರು ಬಂದಾಗ ಅದನ್ನು ಯಾರು ಕೇಳುತ್ತಾರೆ, ಹೇಗೆ ಕೇಳುತ್ತಾರೆ ಎಂಬುದು ಮೊದಲನೆಯದು. ಅದಕ್ಕೆ ಉತ್ತರವಿಲ್ಲದಿದ್ದರೆ ಉಳಿದ ಯಾವ ತಂತ್ರವೂ ನಿಲ್ಲುವುದಿಲ್ಲ.

ಗಸ್ತು ಹೆಚ್ಚಿಸಿದರೆ ಅಪರಾಧ ತಾನಾಗಿ ಇಳಿಯುತ್ತದೆಂಬ ನಂಬಿಕೆಯನ್ನು ಅಮೆರಿಕದ ಕಾನ್ಸಾಸ್ ಸಿಟಿಯ ಪೊಲೀಸರು 1972-73ರಲ್ಲೇ ಪರೀಕ್ಷಿಸಿ ನೋಡಿದ್ದರು. 15 ಬೀಟ್‌ಗಳಲ್ಲಿ, ಅಂದರೆ ಗಸ್ತು ಪ್ರದೇಶಗಳಲ್ಲಿ, ಐದರಲ್ಲಿ ದಿನನಿತ್ಯದ ಗಸ್ತನ್ನು ನಿಲ್ಲಿಸಿ, ಕರೆ ಬಂದರೆ ಮಾತ್ರ ಹೋದರು. ಐದರಲ್ಲಿ ಎಂದಿನಂತೆ ನಡೆಸಿದರು, ಉಳಿದ ಐದರಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿದರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಳವು ಪದೇಪದೇ ನಡೆಯುವ ಕೆಲವೇ ತಿರುವುಗಳನ್ನು ಗುರುತಿಸಿ ಅಲ್ಲಿ ನಿಗಾ ಇಡುವುದು ಬೇರೆ ವಿಷಯ, ಅದರಿಂದ ಫಲವಿದೆ. ಕಂಡಕಂಡವರನ್ನು ನಿಲ್ಲಿಸುವುದರಿಂದ ಏನಾಗುತ್ತದೆಂಬುದಕ್ಕೆ ನ್ಯೂಯಾರ್ಕ್ ಸಾಕ್ಷಿಯಾಗಿದೆ. 2011ರಲ್ಲಿ ಅಲ್ಲಿನ ಪೊಲೀಸರು ಸುಮಾರು 6,85,000 ಬಾರಿ ಜನರನ್ನು ತಡೆದು ನಿಲ್ಲಿಸಿದರು, ಹತ್ತರಲ್ಲಿ ಸುಮಾರು ಒಂಬತ್ತು ಬಾರಿ ಬಂಧನವೂ ಇಲ್ಲ, ಸಮನ್ಸ್ ಕೂಡ ಇಲ್ಲ. 2013ರಲ್ಲಿ ನ್ಯಾಯಾಲಯವು ಆ ಕ್ರಮ ನಡೆಯುತ್ತಿದ್ದ ರೀತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ನೀಡಿತು. ನನ್ನ ಪುಸ್ತಕದಲ್ಲಿದ್ದ ಹೆಸರುಗಳನ್ನು ಅಂದು ಹೀಗೆ ಲೆಕ್ಕ ಹಾಕಿದ್ದರೆ ಇದಕ್ಕಿಂತ ಒಳ್ಳೆಯ ಫಲಿತಾಂಶವೇನೂ ಸಿಗುತ್ತಿರಲಿಲ್ಲ.

ಜನಸಂಪರ್ಕ ಸಭೆಗಳನ್ನೂ ನಾನು ನಡೆಸಿದ್ದೇನೆ, ಅವು ಬೇಡವೆನ್ನುವುದಿಲ್ಲ. ಆದರೆ ಸಭೆಗೆ ಬರುವವರು ಪೊಲೀಸರನ್ನು ಮೊದಲೇ ನಂಬಿದವರು. ಮೂರು ಬಾರಿ ತಡೆಯಲ್ಪಟ್ಟವನು ಸಂಜೆ ಆರು ಗಂಟೆಯ ಸಭೆಗೆ ಬರುವುದಿಲ್ಲ, ಆ ಹೊತ್ತಿಗೆ ಆತ ಕೆಲಸಕ್ಕೆ ಹೊರಟಿರುತ್ತಾನೆ.

ಇನ್ನು ಕ್ಯಾಮೆರಾ. ವಾಷಿಂಗ್ಟನ್ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರನ್ನು ಒಳಗೊಂಡು ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನವು, ಕ್ಯಾಮೆರಾ ಧರಿಸಿದವರಿಗೂ ಧರಿಸದವರಿಗೂ ಬಲಪ್ರಯೋಗದಲ್ಲಿ ಅಥವಾ ಬಂದ ದೂರುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವನ್ನು ಕಾಣಲಿಲ್ಲ. ನನ್ನ ಅನುಭವ ಅದಕ್ಕೆ ಹೊಂದುತ್ತದೆ: ಆ ತಿರುವಿನಲ್ಲಿ ಕ್ಯಾಮೆರಾ ಇತ್ತು, ದೃಶ್ಯವೂ ಇತ್ತು, ತರಿಸಿ ನೋಡಬೇಕಾದ ಅಧಿಕಾರಿ ನೋಡಲಿಲ್ಲ. ಕ್ಯಾಮೆರಾ ಕೊಡಿಸಿ, ಆದರೆ ದೂರು ಬಂದ ದಿನವೇ ದೃಶ್ಯವನ್ನು ಕಾಯ್ದಿಡುವ ಹೊಣೆ ಯಾರದೆಂಬುದನ್ನು ಮೊದಲು ಬರೆದಿಡಿ.

ದೂರುದಾರರ ಹೇಳಿಕೆಯನ್ನು ನೀವೇ ಎದುರು ಕೂರಿಸಿಕೊಂಡು ಪಡೆಯಿರಿ. ವಿಚಾರಣೆಯನ್ನು ಅದೇ ತಂಡದವರಿಗೆ, ಸಾಧ್ಯವಾದರೆ ಅದೇ ಠಾಣೆಯವರಿಗೂ ಕೊಡಬೇಡಿ, ಹೊರಗಿನ ಅಧಿಕಾರಿಯನ್ನು ಕೇಳಿ ಪಡೆಯಿರಿ. ತೀರ್ಮಾನ ಏನೇ ಇರಲಿ, ಕಾರಣಗಳನ್ನು ವಿವರಿಸಿ ಬರೆದುಕೊಡಿ. ತಮಗೆ ಅನುಕೂಲವಾದ ತೀರ್ಮಾನ ಸಿಗದಿದ್ದರೂ ತಮ್ಮ ಮಾತನ್ನು ಕೇಳಿದ್ದಾರೆಂದು ಅನಿಸಿದ ಜನ ಮತ್ತೆ ಠಾಣೆಗೆ ಬರುತ್ತಾರೆ, ನಂತರದ ಠಾಣೆಗಳಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಹೆದರಿದ್ದಂತೆ ಮನೋಬಲವೂ ಕುಸಿಯಲಿಲ್ಲ. ಕೈ ಎತ್ತದೆ ಕೆಲಸ ಮಾಡುತ್ತಿದ್ದ ಪೇದೆಗಳೇ ಹೆಚ್ಚಿದ್ದರು, ಅವರು ನಿರಾಳವಾದರು.

ವರ್ಗಾವಣೆಯಾಗುವ ಮುನ್ನ ಆ ಕಡತವನ್ನು ತೆರೆದು, ಹಿಂದಿನ ತೀರ್ಮಾನವನ್ನು ಅರ್ಜಿದಾರರನ್ನು ವಿಚಾರಿಸದೆ ಕೈಗೊಳ್ಳಲಾಗಿತ್ತು, ಅದಕ್ಕೆ ನಾನೇ ಹೊಣೆ ಎಂದು ಬರೆದು ಮೇಲಧಿಕಾರಿಗಳಿಗೆ ಕಳುಹಿಸಿದೆ. ಪ್ರತಿಯನ್ನು ಆ ಯುವಕನ ಕೈಗೆ ಕೊಟ್ಟೆ. ಆತ ಎರಡು ಬಾರಿ ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡ, ಒಂದು ಮಾತನ್ನೂ ಆಡಲಿಲ್ಲ.

ನಾಳೆ ಬೆಳಿಗ್ಗೆ ನಿಮ್ಮ ಠಾಣೆಯಲ್ಲಿ ಕಳೆದ ಒಂದು ವರ್ಷದಲ್ಲಿ ಸಿಬ್ಬಂದಿಯ ವಿರುದ್ಧ ಬಂದು ಮುಕ್ತಾಯಗೊಂಡ ಅರ್ಜಿಗಳನ್ನೆಲ್ಲ ತರಿಸಿಕೊಳ್ಳಿ. ಅವುಗಳಲ್ಲಿ ಎಷ್ಟರಲ್ಲಿ ದೂರುದಾರರ ಹೇಳಿಕೆ ಇದೆ ಎಂದು ಎಣಿಸಿ. ಹೇಳಿಕೆ ಇಲ್ಲದವನ್ನು ಬೇರೆಯಾಗಿ ತೆಗೆದಿಟ್ಟು, ಆ ಮನೆಗಳಿಗೆ ನೀವೇ ಹೋಗಿ.