ಬಿಸಿ ಇಂಜಿನ್ ಹಟ ಹಿಡಿದರೆ

ಪ್ರಶ್ನೆ: ಗೋವಾದ ಬೇತುಲ್‌ನಲ್ಲಿ ಸಣ್ಣ ದೋಣಿ ಇದೆ. 9.9 ಎಚ್‌ಪಿ, ಟೂ ಸ್ಟ್ರೋಕ್, ಹಗ್ಗ ಎಳೆಯುವ ಪೆಟ್ರೋಲ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್). ಬೆಳಿಗ್ಗೆ ಎರಡೇ ಎಳೆತಕ್ಕೆ ಸ್ಟಾರ್ಟ್. ಬಲೆ ಬಿಡಲು 20 ನಿಮಿಷ ನಿಲ್ಲಿಸಿದರೆ ಮುಗಿಯಿತು, ಚೋಕ್ ಎಳೆದು ಎಷ್ಟು ಜಗ್ಗಿದರೂ ಇಲ್ಲ. ಒಂದು ಗಂಟೆ ಬಿಟ್ಟರೆ ತಾನಾಗಿ ಸರಿಹೋಗುತ್ತದೆ. ಪ್ಲಗ್ ಹೊಸದು, ಕಾರ್ಬ್ಯುರೇಟರ್ ತೊಳೆಸಿದ್ದೇನೆ.
— ಓದುಗರೊಬ್ಬರು, ವಾಸ್ಕೊ

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ: ‘ಚೋಕ್ ಎಳೆದು’. ಬಿಸಿ ಇಂಜಿನ್‌ಗೆ ಚೋಕ್ ಬೇಡ. ಓಡುವಾಗ ಒಳಗೆ ಸುತ್ತುವ ನೀರು ಕಾವನ್ನು ಹೊತ್ತೊಯ್ಯುತ್ತದೆ. ಆಫ್ ಮಾಡಿದ ಕೂಡಲೇ ನೀರೂ ನಿಂತಿತು. ಬ್ಲಾಕಿನ ಕಾವೆಲ್ಲ ಮುಚ್ಚಳದೊಳಗೇ ಸಿಕ್ಕಿ ಕಾರ್ಬ್ಯುರೇಟರಿಗೆ ಏರುತ್ತದೆ. ಅದರ ಬಟ್ಟಲಿನ ಪೆಟ್ರೋಲ್ ಕುದಿದು ಉಕ್ಕಿ ಇಂಜಿನ್‌ಗೆ ಇಳಿಯುತ್ತದೆ. ಅದರ ಮೇಲೆ ಚೋಕ್, ಜೊತೆಗೆ ಪೆಟ್ರೋಲ್ ಪೈಪಿನ ರಬ್ಬರ್ ಉಂಡೆಯನ್ನೂ ಒತ್ತಿದರೆ ಪ್ಲಗ್ ಮುಳುಗಿದಂತೆಯೇ.

ಇನ್ನು ಮೇಲೆ ಆಫ್ ಮಾಡುವ ಮೊದಲು ಎರಡು–ಮೂರು ನಿಮಿಷ ನಿಧಾನ ಓಡಲು ಬಿಡಿ. ನಿಲ್ಲಿಸಿದ ಮೇಲೆ ಮುಚ್ಚಳ ತೆಗೆದಿಡಿ. ಮತ್ತೆ ಹೊರಡುವಾಗ ಗೇರ್ ನ್ಯೂಟ್ರಲ್, ಚೋಕ್ ಪೂರ್ತಿ ಒಳಗೆ, ಉಂಡೆ ಮುಟ್ಟಬೇಡಿ, ಥ್ರಾಟಲ್ ಎಷ್ಟು ತಿರುಗುತ್ತದೋ ಅಷ್ಟೂ ತೆರೆದು ಐದಾರು ಸಲ ಎಳೆಯಿರಿ. ಇಂಜಿನ್ ಕೂಗಿದ ತಕ್ಷಣ ಥ್ರಾಟಲ್ ಇಳಿಸಿ.

ಇಷ್ಟಾದರೂ ಆಗದಿದ್ದರೆ ಪ್ಲಗ್ ಬಿಚ್ಚಿ ನೋಡಬೇಕು. ಅದೂ ಆಗಲೇ, ನೀರಿನ ಮೇಲೇ. ತಣ್ಣಗಾದ ಇಂಜಿನ್ ಮೆಕ್ಯಾನಿಕ್ ಮುಂದೆ ಬಲು ಸಂಭಾವಿತ! ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ ಎಂದರ್ಥ: ಟ್ಯಾಂಕಿನ ಗಾಳಿ ಸ್ಕ್ರೂ ಮುಚ್ಚಿದೆಯೇ, ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ. ಒದ್ದೆಯಿದ್ದರೆ ಒರೆಸಿ ಕಿಡಿ ಪರೀಕ್ಷಿಸಿ. ಮೊದಲು ಪೆಟ್ರೋಲ್ ಪೈಪ್ ಕಳಚಿ, ಚೆಲ್ಲಿದ್ದನ್ನು ಒರೆಸಿ, ಪ್ಲಗ್ ತೂತುಗಳಿಗೆ ಬಟ್ಟೆ ಮುಚ್ಚಿ. ಪ್ಲಗ್ಗನ್ನು ಅದರ ವೈರಿಗೆ ಸಿಕ್ಕಿಸಿ, ಲೋಹದ ಮೈ ಬ್ಲಾಕಿಗೆ ಒತ್ತಿರಲಿ, ತೂತಿನಿಂದ ದೂರವಿರಲಿ. ಹಗ್ಗ ಎಳೆದಾಗ ನೀಲಿ ಕಿಡಿ ಚಟ್ಟೆಂದು ಹಾರಬೇಕು.

ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದಾಗ ಇದೆ ಎಂದಾದರೆ ಹೊಸ ಪ್ಲಗ್ ಹಾಕಿ ಉಪಯೋಗವಿಲ್ಲ, ಕಾಯಿಲ್‌ನದೇ (ಕಿಡಿಗೆ ವಿದ್ಯುತ್ ಒದಗಿಸುವ ತಂತಿ ಸುರುಳಿ) ಅನುಮಾನ. ಒಳಗೆ ಬಿರುಕುಬಿಟ್ಟ ತಂತಿ ಕಾವಿಗೆ ಹಿಗ್ಗಿ ಬಿಡುತ್ತದೆ, ತಣಿದರೆ ಮತ್ತೆ ಕೂಡಿಕೊಳ್ಳುತ್ತದೆ. ಪಲ್ಸರ್ ಕಾಯಿಲ್, ಚಾರ್ಜ್ ಕಾಯಿಲ್, ಇಗ್ನಿಶನ್ ಕಾಯಿಲ್, ಮೂರರ ಓಮ್ ಅಳತೆಯನ್ನೂ ಬೆಳಿಗ್ಗೆ ಒಮ್ಮೆ, ಕೆಟ್ಟಾಗ ಒಮ್ಮೆ ಮೀಟರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ತಾಮ್ರದ ರೋಧ (ಅದೇ ಓಮ್ ಅಳತೆ) ಡಿಗ್ರಿಗೆ ಸುಮಾರು 0.4% ಏರುತ್ತದೆ, ಹಾಗಾಗಿ 30 ಡಿಗ್ರಿಯಿಂದ 80ಕ್ಕೆ ಹೋದಾಗ 20% ಹೆಚ್ಚು ತೋರಿದರೆ ಗಾಬರಿಯಿಲ್ಲ. ಬಿಸಿಯಲ್ಲಿ ಯಾವ ಕಾಯಿಲ್‌ಗೆ ಮೀಟರ್ ತಂತಿ ಕಡಿದಂತೆ ತೋರಿಸುತ್ತದೋ ಅದನ್ನೇ ಬದಲಿಸಿ. ಮೂರೂ ಸರಿಯಿದ್ದರೆ ಮುಂದಿನ ಅನುಮಾನ ಸಿಡಿಐ ಡಬ್ಬಿ, ಅಂದರೆ ಕಿಡಿಯ ಹೊತ್ತು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದಕ್ಕೆ ಓಮ್ ಮೀಟರ್ ಸಾಲದು. ಚೆನ್ನಾಗಿರುವ ಇನ್ನೊಂದನ್ನು ಹಾಕಿ ನೋಡುವುದೇ ದಾರಿ.

ಇನ್ನೊಂದು ಮಾತು: ಇಂಜಿನ್ ಓಡುವಾಗ ಹಿಂದೆ ಚಿಮ್ಮುವ ನೀರಿನ ಎಳೆ ಸಣಕಲಾಗಿದೆಯೇ? ನಿಮ್ಮ ಬೇತುಲ್‌ನ ಸಾಳ್ ನದಿಯ ಬಾಯಲ್ಲಿ ಮರಳು ದಿಬ್ಬವಿದೆ. ಮರಳು ತಿಂದ ಇಂಪೆಲ್ಲರ್‌ನ (ನೀರೆತ್ತುವ ಪಂಪಿನ ಚಕ್ರ) ರಬ್ಬರ್ ರೆಕ್ಕೆ ಸವೆದು ನೀರು ಕಡಿಮೆಯಾದರೆ ಎಲ್ಲವೂ ಅತಿಯಾಗಿ ಕಾಯುತ್ತವೆ.

ಪ್ರಶ್ನೆ: ಟ್ರಾಲರಿನ ಡೀಸೆಲ್ ಇಂಜಿನ್‌ಗೂ ಇದೇ ರೋಗ. ಬಿಸಿಯಲ್ಲಿ ಸ್ಟಾರ್ಟರ್ ಜೋರಾಗಿಯೇ ತಿರುಗಿಸುತ್ತದೆ, ಇಂಜಿನ್ ಮಾತ್ರ ಹತ್ತುವುದಿಲ್ಲ.
— ಕುಟ್ಬಣ ಜೆಟ್ಟಿಯಿಂದ

ಉತ್ತರ: ಹಾಗಾದರೆ ಬ್ಯಾಟರಿಯ ತಪ್ಪಲ್ಲ. ನಿಮ್ಮ ಡೀಸೆಲ್ ಪಂಪ್ (ಇಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವುದು) ರೋಟರಿ ಬಗೆಯದಾಗಿದ್ದರೆ ಅದರ ಹೆಡ್ ಸವೆದಿರಬಹುದು. ಬಿಸಿ ಡೀಸೆಲ್ ತೆಳುವಾಗಿ ಸಂದಿನಲ್ಲಿ ಸೋರುತ್ತದೆ, ಸ್ಟಾರ್ಟರಿನ ವೇಗದಲ್ಲಿ ಡೀಸೆಲ್ ಸಿಂಪಡಿಸುವ ನಾಝಲ್ ತೆರೆಯುವಷ್ಟು ಒತ್ತಡ ಬರುವುದಿಲ್ಲ. ಇಂಜಿನ್ ನಿಂತಿರುವಾಗಲೇ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಕೆಲವು ನಿಮಿಷ ತಣಿಸಿ ಸ್ಟಾರ್ಟ್ ಮಾಡಿ. ತಟ್ಟನೆ ಸ್ಟಾರ್ಟ್ ಆದರೆ ರೋಗ ಸಿಕ್ಕಿತು. ಪಂಪನ್ನು ಡೀಸೆಲ್ ಪಂಪ್ ದುರಸ್ತಿ ಮಾಡುವ ಕ್ಯಾಲಿಬ್ರೇಶನ್ ಅಂಗಡಿಗೆ ಕೊಡಿ. ಓಡುತ್ತಿರುವ ಪಂಪಿನ ಮೇಲೆ ಮಾತ್ರ ತಣ್ಣೀರು ಸುರಿಯಬೇಡಿ, ಜಾಮ್ ಆಗಿಬಿಟ್ಟೀತು.